ತೊಗಲಿಗೆ ಚರ್ಮ: ಗ್ರೇ ಔಲ್ ಮತ್ತು ಅನಹಾರಿಯೊ ಬರೆದ ಎರಡು ಪುಸ್ತಕಗಳು

ಬೇಟೆಯ ಕತೆ ಸಾಮಾನ್ಯವಾಗಿ ಪ್ರಾಣಿ ಬಿದ್ದಲ್ಲಿಗೆ ಮುಗಿಯುತ್ತದೆ. ಕೆನೆತ್ ಆಂಡರ್ಸನ್ ಹೇಳಿದ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲೆಯಲ್ಲಿ ಓದಿ ಬೆಳೆದ ನಮಗೆ ಅದರ ನಡೆ ಚೆನ್ನಾಗಿ ಗೊತ್ತು. ಹಳ್ಳಿಯಿಂದ ಸುದ್ದಿ ಬರುತ್ತದೆ, ಹೆಜ್ಜೆ ಗುರುತು ಸಿಗುತ್ತದೆ, ಮರದ ಮೇಲಿನ ಅಟ್ಟಣೆಯಲ್ಲಿ ರಾತ್ರಿ ಕಳೆಯುತ್ತದೆ, ಕಡೆಗೆ ಗುಂಡು ಹಾರುತ್ತದೆ. ಆಮೇಲೆ ಆ ಹುಲಿಯನ್ನು ಸುಲಿದವರು ಯಾರು, ಅದಕ್ಕೆ ಎಷ್ಟು ಹೊತ್ತು ಹಿಡಿಯಿತು, ತೊಗಲಿಗೆ ಅಂಟಿದ ನೆಣವನ್ನು ಯಾರು ಹೆರೆದರು ಎಂಬುದೆಲ್ಲ ಬಹುಮಟ್ಟಿಗೆ ಕತೆಯ ಹೊರಗೇ ಉಳಿಯುತ್ತದೆ. ಓದುವ ನಮಗೂ ಅದರ ಕೊರತೆ ಕಾಣುವುದಿಲ್ಲ.

ತುಪ್ಪುಳದ ವ್ಯಾಪಾರಕ್ಕಾಗಿ ಬೋನಿಡುವವನ ಲೆಕ್ಕ ಬೇರೆ. ಇಂಗ್ಲಿಷಿನಲ್ಲಿ ಅವನನ್ನು ಟ್ರ್ಯಾಪರ್ ಎನ್ನುತ್ತಾರೆ. ಪ್ರಾಣಿ ಸಿಕ್ಕುವಾಗ ಅವನು ಅಲ್ಲಿರುವುದಿಲ್ಲ. ಮೈಲುಗಟ್ಟಲೆ ಉದ್ದದ ದಾರಿಯಲ್ಲಿ ಬೋನುಗಳನ್ನು ಇಟ್ಟು, ಕೆಲವು ದಿನಗಳ ನಂತರ ಹಿಮದಲ್ಲಿ ಅದೇ ದಾರಿ ಹಿಡಿದು ಬರುತ್ತಾನೆ. ಎದುರುಬದುರು ನಿಂತು ಹೋರಾಡುವ ರೋಮಾಂಚನ ಅವನ ಪಾಲಿಗಿಲ್ಲ. ಅವನ ಕಸುಬಿನ ಮುಕ್ಕಾಲು ಪಾಲು ಪ್ರಾಣಿ ಸತ್ತ ಮೇಲೆ ಶುರುವಾಗುತ್ತದೆ: ಸುಲಿಯುವುದು, ಹೆರೆಯುವುದು, ಬಿಗಿದು ಕಟ್ಟಿ ಒಣಗಿಸುವುದು, ಹೊತ್ತು ತಂದು ಮಾರುವುದು. ಹಾಗಾಗಿ ಟ್ರ್ಯಾಪರ್ ಬರೆದ ಪುಸ್ತಕವೆಂದರೆ ಬೇಟೆಯ ಕತೆ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮುಂದೆ ಹೋಗಬೇಕಾದ ಪುಸ್ತಕ. ಹೋಗುತ್ತದೆಯೇ?

ಈ ಪ್ರಶ್ನೆ ಇಟ್ಟುಕೊಂಡು ನಾನು ಎರಡು ಪುಸ್ತಕಗಳನ್ನು ಜೊತೆಯಾಗಿ ಓದಲು ಬಯಸುತ್ತೇನೆ. ಒಂದು, ಗ್ರೇ ಔಲ್ ಎಂಬ ಹೆಸರಿನಲ್ಲಿ 1930ರ ದಶಕದ ಮಧ್ಯದಲ್ಲಿ ಪ್ರಕಟವಾಗಿ ಬಹಳ ಮಾರಾಟವಾದ ‘ಪಿಲ್‌ಗ್ರಿಮ್ಸ್ ಆಫ್ ದ ವೈಲ್ಡ್’. ಇನ್ನೊಂದು, ಅವನ ಸಂಗಾತಿಯಾಗಿದ್ದ ಅನಹಾರಿಯೊ 1972ರಲ್ಲಿ ಪ್ರಕಟಿಸಿದ ‘ಡೆವಿಲ್ ಇನ್ ಡಿಯರ್‌ಸ್ಕಿನ್ಸ್’. ಎರಡರಲ್ಲೂ ಇರುವುದು ಕೆನಡಾದ ಉತ್ತರದ ಕಾಡು, ಅದೇ ಗಂಡ ಹೆಂಡಿರು, ಅದೇ ಎರಡು ಬೀವರ್ ಮರಿಗಳು. ಮೊದಲನೆಯದನ್ನು ಸಾಮಾನ್ಯವಾಗಿ ವನ್ಯಜೀವಿ ಸಂರಕ್ಷಣೆಯ ಸಾಹಿತ್ಯವೆಂದು ಓದುತ್ತಾರೆ. ನಾನು ಅದನ್ನು ತೊಗಲಿನ ವ್ಯಾಪಾರದ ಪುಸ್ತಕವೆಂದು ಓದಲು ಹೊರಟಿದ್ದೇನೆ. ಹಾಗೆ ಓದಿದಾಗ ಅದರ ಬಲ ಯಾವುದು, ಸೋಲು ಯಾವುದು ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆಂದು ನನ್ನ ನಂಬಿಕೆ.

*

ಮೊದಲು ಕೆಲಸವನ್ನು ನೋಡೋಣ. ಇದು ಗೊತ್ತಿಲ್ಲದೆ ಈ ಪುಸ್ತಕಗಳ ಒಳಗೆ ಹೋಗುವುದು ಕಷ್ಟ.

ಬೀವರ್ ನೀರಿನಲ್ಲಿಯೂ ದಡದಲ್ಲಿಯೂ ಬದುಕುವ ದಂಶಕ, ಅಂದರೆ ಇಲಿ, ಅಳಿಲುಗಳ ಜಾತಿಗೆ ಸೇರಿದ್ದು. ಬೆಳೆದದ್ದು 20 ಕಿಲೋ ದಾಟುವುದುಂಟು. ಮರ ಕಡಿದು, ಕೆಸರು ಮೆತ್ತಿ, ತೊರೆಗೆ ಅಡ್ಡಲಾಗಿ ಕಟ್ಟೆ ಕಟ್ಟಿ, ನಿಂತ ನೀರಿನ ನಡುವೆ ಗೂಡು ಮಾಡಿಕೊಳ್ಳುತ್ತದೆ. ಅದರ ಮೈಮೇಲೆ ಎರಡು ಪದರದ ಕೂದಲು. ಮೇಲಿನದು ಉದ್ದ, ಒರಟು. ಅದರಡಿಯಲ್ಲಿ ಗಾಳಿಯೂ ನೀರೂ ನುಸುಳದಷ್ಟು ದಟ್ಟವಾದ ಮೃದು ತುಪ್ಪುಳ. ಈ ಒಳತುಪ್ಪುಳದ ಎಳೆಗಳಿಗೆ ಸೂಕ್ಷ್ಮವಾದ ಮುಳ್ಳುಗಳಿರುವುದರಿಂದ ಅವು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾದ ಫೆಲ್ಟ್ ಬಟ್ಟೆಯಾಗುತ್ತವೆ. ಆ ಫೆಲ್ಟ್‌ನಿಂದ ಯುರೋಪಿನ ಗಂಡಸರ ಟೋಪಿಗಳನ್ನು ಮಾಡುತ್ತಿದ್ದರು. 19ನೇ ಶತಮಾನದ ಮೊದಲರ್ಧದಲ್ಲಿ ರೇಷ್ಮೆಯ ಟೋಪಿ ಬಂದು ಇದನ್ನು ಹಿಂದಕ್ಕೆ ತಳ್ಳುವವರೆಗೂ ಒಂದು ಖಂಡದ ಅರ್ಧಭಾಗದ ಕಾಡುಗಳನ್ನು ಸೂರೆ ಹೊಡೆದದ್ದು ಮುಖ್ಯವಾಗಿ ಈ ಟೋಪಿಗಾಗಿ.

ಮಾರ್ಟೆನ್, ಮಿಂಕ್, ನರಿಗಳನ್ನು ಸುಲಿಯುವ ಕ್ರಮ ಒಂದು. ಹಿಂಗಾಲಿನಿಂದ ಹಿಂಗಾಲಿಗೆ ಸೀಳಿ, ಅಂಗಿ ಕಳಚುವ ಹಾಗೆ ತೊಗಲನ್ನು ಒಳಹೊರಗು ಮಾಡಿ ತಲೆಯ ಕಡೆಗೆ ಎಳೆದು ತೆಗೆದು, ತೆಳುವಾದ ಹಲಗೆಗೆ ತೊಡಿಸಿ ಒಣಗಿಸುತ್ತಾರೆ. ಬೀವರ್ ಹಾಗಲ್ಲ. ಅದನ್ನು ಹೊಟ್ಟೆಯ ಉದ್ದಕ್ಕೆ ಸೀಳಿ ಬಿಡಿಸಬೇಕು. ನೆಣ ತೊಗಲಿಗೆ ಬಿಡದಂತೆ ಅಂಟಿಕೊಂಡಿರುವುದರಿಂದ ಅಂಗುಲ ಅಂಗುಲವೂ ಚಾಕುವಿನ ಕೆಲಸ. ಆಮೇಲೆ ಬಗ್ಗಿಸಿದ ಎಳೆಗೊಂಬೆಯ ಬಳೆಗೆ ಸುತ್ತಲೂ ದಾರ ಹೊಲಿದು ತಮಟೆಯ ಹಾಗೆ ಬಿಗಿಯುತ್ತಾರೆ. ಉಳಿದ ಮಾಂಸ, ನೆಣಗಳನ್ನು ಹೆರೆದು ತೆಗೆಯುತ್ತಾರೆ. ಒಲೆಯ ಹತ್ತಿರ ಇಟ್ಟರೆ ತೊಗಲು ಬೆಂದು ಸುಕ್ಕಾಗುತ್ತದೆ, ತೇವದಲ್ಲಿ ಬಿಟ್ಟರೆ ಕೊಳೆತು ಕೂದಲು ಉದುರುತ್ತದೆ. ಚಾಕು ಒಂದು ಕಡೆ ಜಾರಿ ತೂತು ಬಿದ್ದರೆ ಬೆಲೆ ಇಳಿಯಿತು. ಟ್ರ್ಯಾಪರ್ ಇದನ್ನು ಹದ ಮಾಡುವುದಿಲ್ಲ, ಒಣಗಿಸುವುದಷ್ಟೇ. ಹದ ಮಾಡುವವರು ದೂರದ ಊರುಗಳಲ್ಲಿರುತ್ತಾರೆ.

ಕಾಲವೂ ಮುಖ್ಯ. ಚಳಿಗಾಲ ಬಲಿತಾಗ ಹಿಡಿದ ಪ್ರಾಣಿಯ ತೊಗಲಿನ ಒಳಮೈ ಬಿಳಿಯಾಗಿ, ಕೆನೆಯ ಬಣ್ಣದಲ್ಲಿರುತ್ತದೆ. ಅದು ಪಕ್ವವಾದ ತೊಗಲು. ಮುಂಚೆಯೇ ಹಿಡಿದರೆ ಒಳಮೈ ನೀಲಿಗಪ್ಪಾಗಿ ಕಾಣುತ್ತದೆ. ವ್ಯಾಪಾರಿ ತೊಗಲನ್ನು ಎತ್ತಿ ಹಿಡಿಯುತ್ತಾನೆ, ಕೂದಲಿನ ಮೇಲೆ ಉಫ್ ಎಂದು ಊದಿ ಒಳತುಪ್ಪುಳದ ದಟ್ಟಣೆ ನೋಡುತ್ತಾನೆ, ತಿರುಗಿಸಿ ಒಳಮೈ ನೋಡುತ್ತಾನೆ, ಬೆಲೆ ಹೇಳುತ್ತಾನೆ. ಕಾಡಿನಲ್ಲಿ ಕಳೆದ ಇಡೀ ಚಳಿಗಾಲಕ್ಕೆ ಬೆಲೆ ಕಟ್ಟುವುದು ಆ ಒಂದು ಗಳಿಗೆ. ಅಷ್ಟು ಹೊತ್ತಿಗೆ ಟ್ರ್ಯಾಪರ್ ಅವನಿಗೆ ಸಾಲಗಾರನಾಗಿರುತ್ತಾನೆ. ಶರತ್ಕಾಲದಲ್ಲಿ ಹಿಟ್ಟು, ಚಹಾ, ಮದ್ದುಗುಂಡು, ಬೋನುಗಳನ್ನು ಸಾಲವಾಗಿ ಪಡೆದು, ವಸಂತದಲ್ಲಿ ತೊಗಲು ಕೊಟ್ಟು ತೀರಿಸುವುದು ಈ ವ್ಯಾಪಾರದ ಹಳೆಯ ಪದ್ಧತಿ.

ಈ ವ್ಯಾಪಾರದ ದೊಡ್ಡ ಹೆಸರು ಹಡ್ಸನ್ಸ್ ಬೇ ಕಂಪನಿ. 1670ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆಯ ಸನದು ಪಡೆದು ಹುಟ್ಟಿದ ಈ ಕಂಪನಿಯ ಅಂಗಡಿಗಳು ಕಡೆಗೆ ಬಾಗಿಲು ಮುಚ್ಚಿದ್ದು 2025ರಲ್ಲಿ. ಅದರ ಕೋಠಿಗಳಲ್ಲಿ ಬಹುಕಾಲ ನಡೆದ ನಾಣ್ಯವೆಂದರೆ ಬೀವರ್ ತೊಗಲೇ. ಚೆನ್ನಾಗಿ ಹೆರೆದು ಒಣಗಿಸಿದ, ಬೆಳೆದ ಬೀವರಿನ ಒಂದು ಪಕ್ವ ತೊಗಲಿಗೆ ‘ಮೇಡ್ ಬೀವರ್’ ಎಂದು ಹೆಸರು. ಕೊಡಲಿಯಿಂದ ಹಿಡಿದು ಕಂಬಳಿಯವರೆಗೆ ಎಲ್ಲದರ ಬೆಲೆಯೂ ಇಂತಿಷ್ಟು ಮೇಡ್ ಬೀವರ್ ಎಂದೇ. ‘ಮೇಡ್’ ಎಂಬ ಆ ಮಾತನ್ನು ಗಮನಿಸಬೇಕು. ಬೀವರನ್ನು ಹಿಡಿದರೆ ಸಾಲದು, ಅದನ್ನು ‘ಮಾಡಬೇಕು’. ಮಾಡಿದವರು ಯಾರು?

ಬಹುಪಾಲು ಹೆಂಗಸರು. ಸಿಲ್ವಿಯಾ ವ್ಯಾನ್ ಕರ್ಕ್ ಅವರ ‘ಮೆನಿ ಟೆಂಡರ್ ಟೈಸ್’ (1980) ಎಂಬ ಚರಿತ್ರೆಯ ಪುಸ್ತಕ ಇದನ್ನು ದಾಖಲೆಗಳಿಂದ ತೋರಿಸಿತು. ತೊಗಲು ಹದಕ್ಕೆ ತರುವುದು, ಹಿಮಪಾದುಕೆಗೆ ಬಲೆ ಹೆಣೆಯುವುದು, ಮೊಕಸಿನ್ ಹೊಲಿಯುವುದು, ದಾರಿಯ ಬುತ್ತಿ ಕಟ್ಟುವುದು, ಭಾಷೆ ಬಾರದ ಬಿಳಿಯರಿಗೆ ದುಭಾಷಿಯಾಗುವುದು ಆ ನೆಲದ ಹೆಂಗಸರ ಕೆಲಸವಾಗಿತ್ತು. 1717ರಲ್ಲಿ ಯಾರ್ಕ್ ಫ್ಯಾಕ್ಟರಿ ಕೋಠಿಯಲ್ಲಿ ತೀರಿಕೊಂಡ ಥಾನಡೆಲ್ಥುರ್ ಎಂಬ ಡೆನೆ ಜನಾಂಗದ ಹೆಣ್ಣುಮಗಳು ಇಂಥವರಲ್ಲಿ ಒಬ್ಬಳು. ಕಳಪೆ ತೊಗಲು ತಂದವನನ್ನು ಮೂಗು ಹಿಡಿದು ಹಿಂದಕ್ಕೆ ನೂಕಿ ಮೂರ್ಖನೆಂದು ಬೈದಳೆಂದು ಕೋಠಿಯ ಅಧಿಕಾರಿ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಎಂಥ ತೊಗಲು ಒಳ್ಳೆಯದೆಂದು ಬಲ್ಲವಳ ಸಿಟ್ಟು ಅದು.

ಇನ್ನೊಂದು ಸಂಗತಿ ಹೇಳಿ ಪುಸ್ತಕಕ್ಕೆ ಬರುತ್ತೇನೆ. ಆರಂಭದ ಕಾಲದಲ್ಲಿ ಟೋಪಿ ಮಾಡುವವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೊಸ ತೊಗಲಲ್ಲ, ಉಟ್ಟು ಹಳತಾದದ್ದು. ಹಲವು ಬೀವರ್ ತೊಗಲುಗಳನ್ನು ಸೇರಿಸಿ ಹೊಲಿದ ಹೊದಿಕೆಯನ್ನು ಅಲ್ಲಿನ ಜನ ಕೂದಲು ಒಳಗಾಗಿ ಒಂದೆರಡು ಚಳಿಗಾಲ ಮೈಮೇಲೆ ಧರಿಸುತ್ತಿದ್ದರು. ಬೆವರು, ಮೈಜಿಡ್ಡು, ತಿಕ್ಕಾಟಗಳಿಂದ ಒರಟು ಕೂದಲು ಉದುರಿ, ಒಳತುಪ್ಪುಳ ಮಾತ್ರ ಉಳಿದು, ತೊಗಲು ಮೆತ್ತಗಾಗುತ್ತಿತ್ತು. ಫ್ರೆಂಚ್ ವ್ಯಾಪಾರಿಗಳು ಇದನ್ನು ಜಿಡ್ಡಿನ ಬೀವರ್ ಎಂದು ಕರೆದು ಹೆಚ್ಚು ಬೆಲೆ ಕೊಡುತ್ತಿದ್ದರು. ಪ್ಯಾರಿಸ್ಸಿನ ಶ್ರೀಮಂತ ತಲೆಗೇರಿಸಿಕೊಂಡ ಟೋಪಿಯಲ್ಲಿ ಯಾರೋ ಹೆಂಗಸಿನ, ಮಗುವಿನ ಮೈಯ ಬಿಸಿಯೂ ಸೇರಿತ್ತು.

*

ಈಗ ಗ್ರೇ ಔಲ್. ಅವನ ಕತೆಯ ನಡು ಒಂದು ವಸಂತದ ಘಟನೆ. 1920ರ ದಶಕದ ಕೊನೆ, ಕ್ವಿಬೆಕ್ ಪ್ರಾಂತ್ಯದ ಉತ್ತರದ ಕಾಡು. ಚಳಿಗಾಲದ ಗಳಿಕೆ ಸಾಲದೇ ಹೋಗಿದೆ. ಮರಿ ಹಾಕುವ ಕಾಲದಲ್ಲಿ ಬೀವರ್ ಹಿಡಿಯಬಾರದೆಂಬ ವಿವೇಕ ಅವನಿಗೆ ಇಲ್ಲದಿಲ್ಲ, ಆದರೂ ಬೋನಿಡುತ್ತಾನೆ. ತಾಯಿ ಸಾಯುತ್ತದೆ. ಅನಾಥವಾದ ಮರಿಗಳೆರಡು ನೀರಿನ ಮೇಲೆ ಕಾಣಿಸುತ್ತವೆ. ಅವನು ಕೋವಿ ಎತ್ತುತ್ತಾನೆ, ಜೊತೆಗಿದ್ದ ಅನಹಾರಿಯೊ ಬೇಡವೆನ್ನುತ್ತಾಳೆ. ಮರಿಗಳು ದೋಣಿಗೆ ಬರುತ್ತವೆ. ಮೆಕ್‌ಗಿನಿಸ್, ಮೆಕ್‌ಗಿಂಟಿ ಎಂದು ಹೆಸರು ಪಡೆಯುತ್ತವೆ, ಗುಡಿಸಲಿನ ಒಡೆಯರಾಗುತ್ತವೆ. ಇನ್ನು ಬೀವರ್ ಬೇಟೆ ಇಲ್ಲವೆಂದು ಅವನು ನಿರ್ಧರಿಸುತ್ತಾನೆ. ಮುಂದೊಂದು ದಿನ ಆ ಮರಿಗಳು ಕಾಣೆಯಾಗುತ್ತವೆ. ಅವುಗಳನ್ನು ಹುಡುಕುವ ಭಾಗ ಇಡೀ ಪುಸ್ತಕದಲ್ಲಿ ಅತ್ಯಂತ ಸತ್ವವುಳ್ಳದ್ದು.

ಈ ಪರಿವರ್ತನೆಯನ್ನು ವಿಮರ್ಶಕರು ಬಹಳ ಸಲ ಹೃದಯದ ಘಟನೆಯೆಂದು ಓದಿದ್ದಾರೆ: ಕ್ರೂರಿಯೊಬ್ಬ ಮರಿಗಳ ಕಣ್ಣು ಕಂಡು ಕರಗಿದ ಎಂದು. ಅಂಗುಲಿಮಾಲನಿಂದ ವಾಲ್ಮೀಕಿಯವರೆಗೆ ಇಂಥ ಕತೆಗಳನ್ನು ಕೇಳುತ್ತ ಬಂದಿರುವ ನಮಗೆ ಈ ಓದು ಸುಲಭವಾಗಿ ಒಗ್ಗುತ್ತದೆ. ಆದರೆ ಪುಸ್ತಕದ ಮೊದಲ ಭಾಗವನ್ನು ನಿಧಾನವಾಗಿ ಓದಿದರೆ ಅಲ್ಲಿ ಹೃದಯಕ್ಕಿಂತ ಮೊದಲು ಲೆಕ್ಕ ಕೆಲಸ ಮಾಡಿದೆ ಎಂದು ಕಾಣುತ್ತದೆ. ನಡೆಯಬೇಕಾದ ದೂರ ಹೆಚ್ಚುತ್ತ ಹೋಗುತ್ತದೆ, ಸಿಗುವ ತೊಗಲು ಕಡಿಮೆಯಾಗುತ್ತ ಹೋಗುತ್ತದೆ. ರೈಲು ಬಂದಲ್ಲೆಲ್ಲ ಹೊಸಬರು ಬಂದು ಗೂಡು ಗೂಡನ್ನೇ ಬರಿದು ಮಾಡಿದ್ದಾರೆ. ಖಾಲಿ ಕಟ್ಟೆಗಳು, ಸೋರಿಹೋದ ಕೊಳಗಳು ಕಣ್ಣಿಗೆ ಬೀಳುತ್ತವೆ. ತನ್ನ ಕಸುಬು ತನ್ನನ್ನೇ ತಿನ್ನುತ್ತಿದೆ ಎಂದು ಒಬ್ಬ ಕಸುಬುದಾರ ಅರಿಯುವ ಬಗೆ ಅದು. ಹೆರಾಲ್ಡ್ ಇನ್ನಿಸ್ ಎಂಬ ಅರ್ಥಶಾಸ್ತ್ರಜ್ಞ ‘ದ ಫರ್ ಟ್ರೇಡ್ ಇನ್ ಕೆನಡಾ’ (1930) ಎಂಬ ತನ್ನ ದೊಡ್ಡ ಗ್ರಂಥದಲ್ಲಿ ಸಾಮ್ರಾಜ್ಯದ ಮಟ್ಟದಲ್ಲಿ ತೋರಿಸಿದ್ದನ್ನೇ, ಅಂದರೆ ಒಂದು ಕಡೆ ಬೀವರ್ ಮುಗಿದಂತೆ ವ್ಯಾಪಾರ ಇನ್ನೂ ಒಳನಾಡಿಗೆ ಸರಿಯುತ್ತ ಹೋದದ್ದನ್ನು, ಗ್ರೇ ಔಲ್ ಸರಿಸುಮಾರು ಅದೇ ವರ್ಷಗಳಲ್ಲಿ ಒಬ್ಬ ಮನುಷ್ಯನ ಕಾಲುನೋವಿನ ಮಟ್ಟದಲ್ಲಿ ತೋರಿಸುತ್ತಾನೆ.

ಇದು ಪುಸ್ತಕದ ಬಲ. ಕೋವಿ ಎತ್ತಿದ ಆ ಗಳಿಗೆ ಮನಸ್ಸಿಗೆ ನಾಟುವುದು ಅವನು ಸಾಲದಲ್ಲಿರುವುದರಿಂದ. ಕರುಣೆಗೆ ಅಲ್ಲಿ ಬೆಲೆಯಿದೆ. ಆ ಬೆಲೆ ಎಷ್ಟೆಂದು ನಮಗೆ ಗೊತ್ತು, ಯಾಕೆಂದರೆ ಅಲ್ಲಿಯವರೆಗೂ ಪುಸ್ತಕ ಅದನ್ನು ಎಣಿಸುತ್ತ ಬಂದಿದೆ. ಯಾವ ನಷ್ಟವೂ ಇಲ್ಲದ ಕಡೆ ತೋರುವ ಪ್ರಾಣಿದಯೆಗೂ ಇದಕ್ಕೂ ಇರುವ ಅಂತರ ಇದೇ.

ಸೋಲು ಶುರುವಾಗುವುದು ಅದರ ನಂತರ. ಮರಿಗಳು ಮನೆಗೆ ಬಂದ ಮೇಲೆ ಪುಸ್ತಕದ ಭಾಷೆ ಬದಲಾಗುತ್ತದೆ. ಅವುಗಳ ತುಂಟಾಟ, ಮಗುವಿನ ಅಳುವನ್ನು ಹೋಲುವ ದನಿ, ಗುಡಿಸಲಿನೊಳಗೇ ಕಟ್ಟೆ ಕಟ್ಟಲು ಹವಣಿಸುವುದು, ಎಲ್ಲವೂ ಓದಲು ಸೊಗಸಾಗಿವೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೀವರ್ ಮನುಷ್ಯರಾದಷ್ಟೂ ಚಾಕು, ಬಳೆ, ನೆಣ, ಸಾಲದ ಪುಸ್ತಕ ಕಣ್ಮರೆಯಾಗುತ್ತವೆ. ಅಷ್ಟು ವರ್ಷ ತಾನು ಕೈಯಾರೆ ‘ಮಾಡಿದ’ ತೊಗಲುಗಳನ್ನು ಆ ಮರಿಗಳ ಪಕ್ಕದಲ್ಲಿ ಕೂತು ನೆನೆಯುವ ಒಂದು ಅಧ್ಯಾಯವನ್ನು ನಾನು ಹುಡುಕಿದೆ. ಪಶ್ಚಾತ್ತಾಪ ಇದೆ, ಆದರೆ ಅದು ಸಾರ್ವತ್ರಿಕವಾದದ್ದು. ಸುಲಿದ ಬೆರಳುಗಳ ನೆನಪಾಗಿ ಅದು ಬರುವುದಿಲ್ಲ. ಬದಲಾದ ಮನುಷ್ಯ ತನ್ನ ಹಳೆಯ ಕೆಲಸವನ್ನು ಖಂಡಿಸುತ್ತಾನೆ, ವಿವರಿಸುವುದಿಲ್ಲ. ಪರಿವರ್ತನೆಯ ಕತೆಗಳು ಎಲ್ಲೆಡೆ ಬೀಳುವ ಹಳ್ಳ ಇದು.

*

ಅನಹಾರಿಯೊ ಬರೆದ ಪುಸ್ತಕ ಈ ಜಾಗವನ್ನು ತುಂಬುತ್ತದೆ. ಆಕೆಯ ದಾಖಲೆಯ ಹೆಸರು ಗರ್ಟ್ರೂಡ್ ಬರ್ನಾರ್ಡ್, ಹುಟ್ಟಿದ್ದು 1906ರಲ್ಲಿ, ಒಂಟಾರಿಯೊ ಪ್ರಾಂತ್ಯದ ಮಟ್ಟಾವ ಎಂಬ ಊರಿನಲ್ಲಿ. ಮೊಹಾಕ್ ಮೂಲದವಳು. ಗ್ರೇ ಔಲ್ ತೀರಿಕೊಂಡ ಎರಡು ವರ್ಷಕ್ಕೇ, 1940ರಲ್ಲಿ, ಆಕೆಯ ಹೆಸರಿನಲ್ಲಿ ಒಂದು ಪುಸ್ತಕ ಬಂದಿತ್ತು. ತನ್ನ ದನಿಯಲ್ಲೇ ಇದನ್ನು ಮತ್ತೆ ಹೇಳಿದ್ದು ಅರವತ್ತು ದಾಟಿದ ಮೇಲೆ, ‘ಡೆವಿಲ್ ಇನ್ ಡಿಯರ್‌ಸ್ಕಿನ್ಸ್’ನಲ್ಲಿ. ಆಮೇಲೆ ಅದನ್ನು ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರಕಾಶನ ಹೊಸದಾಗಿ ಹೊರತಂದಿದೆ.

ಗ್ರೇ ಔಲ್ ಪುಸ್ತಕದಲ್ಲಿ ಆಕೆ ಆತ್ಮಸಾಕ್ಷಿಯ ಪಾತ್ರ. ಬೇಡ ಎನ್ನುವ ಒಂದು ಮಾತಿಗಾಗಿ ಆಕೆ ಅಲ್ಲಿದ್ದಾಳೆ ಎನ್ನಿಸುತ್ತದೆ. ಆಕೆಯ ಸ್ವಂತ ಪುಸ್ತಕದಲ್ಲಿ ಆ ‘ಬೇಡ’ಕ್ಕೆ ಒಂದು ಹಿನ್ನೆಲೆ ಇದೆ. ಇಪ್ಪತ್ತರ ಆಸುಪಾಸಿನ ಹುಡುಗಿ ಚಳಿಗಾಲದಲ್ಲಿ ಅವನ ಬೋನಿನ ದಾರಿಯಲ್ಲಿ ನಡೆದಿದ್ದಾಳೆ. ಉಕ್ಕಿನ ಹಲ್ಲಿಗೆ ಕಾಲು ಕೊಟ್ಟು, ಒದ್ದಾಡಿ, ಚಳಿಗೆ ಸೆಟೆದು ಸತ್ತ ಪ್ರಾಣಿಗಳನ್ನೂ, ಇನ್ನೂ ಸಾಯದೆ ಉಳಿದವನ್ನೂ ಹತ್ತಿರದಿಂದ ನೋಡಿದ್ದಾಳೆ. ಅಷ್ಟೇ ಮುಖ್ಯವಾದದ್ದು, ಆಕೆ ತೀರ್ಪುಗಾರಳಾಗಿ ಹೊರಗೆ ನಿಂತಿಲ್ಲ. ಆ ದುಡಿಮೆಯ ಅನ್ನ ತಾನೂ ಉಂಡಿದ್ದೇನೆಂದು ಆಕೆಗೆ ಗೊತ್ತು. ಹಾಗಾಗಿ ಆಕೆಯ ಬರವಣಿಗೆಯಲ್ಲಿ ಉಪದೇಶದ ದನಿ ಕಡಿಮೆ, ತಮಾಷೆ ಹೆಚ್ಚು, ಜಗಳ ಇನ್ನೂ ಹೆಚ್ಚು. ಆಕೆ ಒಲೆಯ ಮುಂದೆ ಕೂತ ಮೌನಿ ಹೆಂಡತಿಯೂ ಅಲ್ಲ. ಬ್ರೀಚಸ್ ತೊಟ್ಟು, ಖನಿಜ ಹುಡುಕಿಕೊಂಡು ತಿಂಗಳುಗಟ್ಟಲೆ ಒಬ್ಬಳೇ ಉತ್ತರಕ್ಕೆ ಹೋಗುತ್ತಿದ್ದವಳು.

ಸಾಹಿತ್ಯದ ದೃಷ್ಟಿಯಿಂದ ಆಕೆಯ ಪುಸ್ತಕ ಒರಟು. ಕಟ್ಟೋಣ ಸಡಿಲ, ಪ್ರಸಂಗದಿಂದ ಪ್ರಸಂಗಕ್ಕೆ ಜಿಗಿತ. ಗ್ರೇ ಔಲ್ ಬರೆಯುವ ನಿಸರ್ಗ ವರ್ಣನೆ ಆಕೆಗೆ ಬೇಕಿಲ್ಲ. ಆದರೂ ನನಗೆ ಆಕೆಯ ಪುಸ್ತಕದಲ್ಲೇ ಹೆಚ್ಚು ನಂಬಿಕೆ. ಕಾರಣ ಸರಳ. ಅವನ ಪುಸ್ತಕದಲ್ಲಿ ಬೀವರ್ ಉಳಿಸುವ ನಿರ್ಧಾರ ಒಂದು ಸಂಜೆಯಲ್ಲಿ ಆಗುತ್ತದೆ. ಆಕೆಯ ಪುಸ್ತಕದಲ್ಲಿ ಅದು ಚಳಿಗಾಲವಿಡೀ ನಡೆದ ವಾಗ್ವಾದದ ಕೊನೆಯ ಮಾತು. ಒಬ್ಬರ ಅಂತರಂಗದ ಬೆಳಕೆಂದು ಪ್ರಸಿದ್ಧವಾದದ್ದು ಇಬ್ಬರ ನಡುವಿನ ಜಗಳದಲ್ಲಿ ಹುಟ್ಟಿತ್ತು ಎಂದು ತಿಳಿಯುವುದು ಸಣ್ಣ ಸಂಗತಿಯಲ್ಲ.

*

ಇಲ್ಲಿಯವರೆಗೆ ನಾನು ಗ್ರೇ ಔಲ್ ಎಂಬ ಹೆಸರನ್ನು ಇದ್ದಂತೆಯೇ ಬಳಸಿದ್ದೇನೆ. ಈಗ ಅದನ್ನು ಬಿಡಿಸಬೇಕು. 1938ರ ಏಪ್ರಿಲ್‌ನಲ್ಲಿ ಅವನು ತೀರಿಕೊಂಡ. ಕೂಡಲೇ ನಾರ್ತ್ ಬೇ ಊರಿನ ಒಂದು ಪತ್ರಿಕೆ ನಿಜ ಪ್ರಕಟಿಸಿತು. ಸ್ಕಾಟಿಷ್ ತಂದೆಗೂ ಅಪಾಚೆ ತಾಯಿಗೂ ಮೆಕ್ಸಿಕೊದಲ್ಲಿ ಹುಟ್ಟಿದವನೆಂದು ಹೇಳಿಕೊಂಡಿದ್ದ ಅವನು ಇಂಗ್ಲೆಂಡಿನ ಹೇಸ್ಟಿಂಗ್ಸ್ ಊರಿನಲ್ಲಿ 1888ರಲ್ಲಿ ಹುಟ್ಟಿದ ಆರ್ಚಿ ಬೆಲೇನಿ. ಅಲ್ಲಿ ಅತ್ತೆಯರ ಆರೈಕೆಯಲ್ಲಿ ಬೆಳೆದು, 1906ರಲ್ಲಿ ಹಡಗು ಹತ್ತಿ ಕೆನಡಾಕ್ಕೆ ಹೋದವನು. ಕಾಡಿನ ಕಸುಬನ್ನು ನಿಜವಾಗಿ ಕಲಿತದ್ದು ಅಲ್ಲಿ, ಮೊದಲ ಹೆಂಡತಿ ಆಂಜಲ್ ಎಗ್ವುನಾಳ ಒಜಿಬ್ವೆ ಬಂಧುಗಳಿಂದ. ಅನಹಾರಿಯೊಗೂ ಅವನ ಹುಟ್ಟಿನ ಗುಟ್ಟು ತಿಳಿದದ್ದು ಅವನು ಸತ್ತ ಮೇಲೆಯೇ.

ಹಡ್ಸನ್ಸ್ ಬೇ ಕಂಪನಿಯ ಲಾಂಛನದಲ್ಲಿ ನಾಲ್ಕು ಬೀವರ್‌ಗಳಿವೆ, ಕೆಳಗೆ ಲ್ಯಾಟಿನ್ ಭಾಷೆಯ ಮೂರು ಪದಗಳ ಒಂದು ಧ್ಯೇಯವಾಕ್ಯ: ‘ಪ್ರೊ ಪೆಲ್ಲೆ ಕ್ಯೂಟೆಮ್’. ಚರ್ಮಕ್ಕೆ ಚರ್ಮ ಎಂದು ಅದನ್ನು ಅರ್ಥೈಸುತ್ತಾರೆ. ಬೈಬಲ್ಲಿನ ಯೋಬನ ಕತೆಯ ನೆರಳು ಅದರಲ್ಲಿದೆ ಎನ್ನುವವರುಂಟು. ಕನ್ನಡದಲ್ಲಿ ನನಗೆ ಅದನ್ನು ‘ತೊಗಲಿಗೆ ಚರ್ಮ’ ಎನ್ನಬೇಕೆನ್ನಿಸುತ್ತದೆ. ಲ್ಯಾಟಿನ್ನಿನಲ್ಲೂ ಅವು ಎರಡು ಬೇರೆ ಪದಗಳು. ಪ್ರಾಣಿಯ ತೊಗಲಿಗಾಗಿ ಮನುಷ್ಯ ತನ್ನ ಚರ್ಮ ಒಡ್ಡುತ್ತಾನೆ ಎಂಬುದು ವ್ಯಾಪಾರಿಗಳ ಹೆಮ್ಮೆ. ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಹರಳಯ್ಯ ಕಲ್ಯಾಣಮ್ಮರ ಕತೆ ಬಲ್ಲ ನಮಗೆ ಈ ಹೆಮ್ಮೆಯ ಟೊಳ್ಳು ಬೇಗ ಕಾಣುತ್ತದೆ. ಲಂಡನ್ನಿನಲ್ಲಿ ಕೂತ ಪಾಲುದಾರ ಒಡ್ಡಿದ್ದು ತನ್ನ ಚರ್ಮವನ್ನಲ್ಲ.

ಆದರೆ ಗ್ರೇ ಔಲ್ ವಿಷಯದಲ್ಲಿ ಈ ವಾಕ್ಯ ವಿಚಿತ್ರವಾಗಿ ನಿಜವಾಯಿತು. ಬೀವರ್ ತೊಗಲು ಮಾರುವುದನ್ನು ಬಿಟ್ಟ ಮೇಲೆ ಅವನು ಬದುಕಿದ್ದು ಬರಹದಿಂದ, ಉಪನ್ಯಾಸದಿಂದ, ರಾಷ್ಟ್ರೀಯ ಉದ್ಯಾನದ ಸಂಬಳದಿಂದ. ಜಿಂಕೆ ತೊಗಲಿನ ಅಂಗಿ, ಎರಡು ಜಡೆ, ತಲೆಗೊಂದು ಗರಿ, ಇವಿಲ್ಲದೆ ಬ್ರಿಟನ್ನಿನ ಸಭಾಂಗಣಗಳು ತುಂಬುತ್ತಿರಲಿಲ್ಲ. ಬಕಿಂಗ್‌ಹ್ಯಾಮ್ ಅರಮನೆಗೆ ಕರೆ ಬರುತ್ತಿರಲಿಲ್ಲ. ಹೇಸ್ಟಿಂಗ್ಸ್‌ನ ಬೆಲೇನಿ ಬೀವರ್ ಬಗ್ಗೆ ಏನು ಹೇಳಿದರೂ ಯಾರಿಗೆ ಬೇಕಿತ್ತು? ಪ್ರಾಣಿಯ ತೊಗಲಿಗೆ ಬದಲಾಗಿ ಅವನು ಮಾರುಕಟ್ಟೆಗೆ ಇಟ್ಟದ್ದು ತಾನು ತೊಟ್ಟ ಇನ್ನೊಬ್ಬರ ಚರ್ಮವನ್ನು. ಮೂರು ಶತಮಾನದ ಹಿಂದೆ ಟೋಪಿ ವ್ಯಾಪಾರಿಗಳು ಉಟ್ಟು ಹಳತಾದ ತೊಗಲಿಗೆ ಹೆಚ್ಚು ಬೆಲೆ ಕೊಟ್ಟದ್ದು ಇಲ್ಲಿ ನೆನಪಾಗುತ್ತದೆ. ಆ ನೆಲದ ಜನರ ಮೈಬಿಸಿ ತಾಗಿದ ಸರಕಿಗೆ ಯುರೋಪಿನಲ್ಲಿ ಆಗಲೂ ಈಗಲೂ ಗಿರಾಕಿಗಳಿದ್ದಾರೆ.

ಹಾಗಾದರೆ ಪುಸ್ತಕ ಸುಳ್ಳೇ? ವಿದ್ಯಾರ್ಥಿಗಳು ಕೇಳುವ, ಕೇಳಬೇಕಾದ ಪ್ರಶ್ನೆ ಇದು. ಹೆಸರು ಸುಳ್ಳಾದರೆ ಎಲ್ಲವೂ ಸುಳ್ಳು ಎಂಬ ಉತ್ತರವೂ, ಕೆಲಸ ಒಳ್ಳೆಯದಾದ್ದರಿಂದ ಹೆಸರಿನ ಹಂಗೇಕೆ ಎಂಬ ಉತ್ತರವೂ ನನಗೆ ಒಪ್ಪಿಗೆಯಿಲ್ಲ. ಅವನ ಪುಟಗಳಲ್ಲಿ ಎರಡು ಬಗೆಯ ಅಧಿಕಾರಗಳಿವೆ. ಒಂದು ಕೈಯಿಂದ ಬಂದದ್ದು: ಹಿಮದಲ್ಲಿ ನಡೆಯುವುದು, ಬೋನಿಡುವುದು, ಕಟ್ಟೆಯ ಸ್ಥಿತಿ ನೋಡಿ ಒಳಗೆ ಎಷ್ಟು ಜೀವಗಳಿವೆ ಎಂದು ಅಂದಾಜಿಸುವುದು, ಹಸಿವು, ಸಾಲ. ಇವನ್ನು ಅವನು ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದು ಗಳಿಸಿದ್ದ. ಅದನ್ನು ಯಾವ ಪತ್ರಿಕೆಯೂ ಕಿತ್ತುಕೊಳ್ಳಲಾರದು. ಇನ್ನೊಂದು ರಕ್ತದಿಂದ ಬಂದದ್ದೆಂದು ಹೇಳಿಕೊಂಡದ್ದು: ನನ್ನ ಜನ, ನನ್ನ ಪೂರ್ವಜರು, ಕಾಡಿನ ಮಕ್ಕಳಾದ ನಾವು ಎಂಬ ಧಾಟಿ. ಇದು ಬಿದ್ದುಹೋಗುತ್ತದೆ, ಹೋಗಬೇಕು. ಮೊದಲ ದನಿಯಲ್ಲಿ ಬರೆದ ವಾಕ್ಯಗಳು ಗಟ್ಟಿಯಾಗಿವೆ. ಎರಡನೆಯದರಲ್ಲಿ ಬರೆದವು ಉಬ್ಬಿಕೊಂಡಿವೆ, ವಿಶೇಷಣ ಹೆಚ್ಚು. ಗುಟ್ಟು ಗೊತ್ತಿಲ್ಲದೆ ಓದಿದರೂ ಎಚ್ಚರದ ಓದುಗನಿಗೆ ಈ ವ್ಯತ್ಯಾಸ ಕಿವಿಗೆ ಬೀಳುತ್ತದೆ.

ಎರಡನೆಯ ದನಿ ನಿರುಪದ್ರವಿಯೂ ಅಲ್ಲ. ಅದು ಒಂದು ಚಿತ್ರವನ್ನು ಜನಪ್ರಿಯಗೊಳಿಸಿತು: ನಿಜವಾದ ಮೂಲನಿವಾಸಿ ಎಂದರೆ ಪ್ರಾಣಿಯನ್ನು ಕೊಲ್ಲದೆ ಮಾತನಾಡಿಸುವವನು. ಆ ಚಿತ್ರದಲ್ಲಿ ಬೋನಿಟ್ಟು, ತೊಗಲು ಮಾರಿ ಮಕ್ಕಳನ್ನು ಸಾಕುವ ನಿಜವಾದ ಕ್ರೀ, ಡೆನೆ, ಇನ್ಯುಟ್ ಕುಟುಂಬಗಳಿಗೆ ಜಾಗವಿಲ್ಲ. 1983ರಲ್ಲಿ ಯುರೋಪಿನ ಒಕ್ಕೂಟ ಸೀಲ್ ಮರಿಗಳ ತೊಗಲಿನ ಆಮದು ನಿಲ್ಲಿಸಿತು. ಮರಿಗಳನ್ನು ವ್ಯಾಪಾರಕ್ಕೆ ಕೊಲ್ಲದ ಇನ್ಯುಟ್ ಜನರ ಸೀಲ್ ತೊಗಲಿನ ಮಾರುಕಟ್ಟೆಯೂ ಅದರೊಂದಿಗೆ ಕುಸಿಯಿತು. ಅಲೆತಿಯಾ ಅರ್ನಾಕುಕ್ ಬರಿಲ್ ಎಂಬ ಇನ್ಯುಟ್ ನಿರ್ದೇಶಕಿಯ ‘ಆ್ಯಂಗ್ರಿ ಇನುಕ್’ (2016) ಸಾಕ್ಷ್ಯಚಿತ್ರ ಇದನ್ನು ಸಿಟ್ಟು ಮತ್ತು ನಗು ಎರಡರಲ್ಲೂ ಹೇಳುತ್ತದೆ. ಅದರಲ್ಲಿ ತೊಗಲು ಹೆರೆಯುವ, ಬಿಗಿಯುವ, ಹೊಲಿಯುವ ಹೆಂಗಸರ ಕೈಗಳಿವೆ. ಗ್ರೇ ಔಲ್ ಬಿಟ್ಟುಹೋದ ಅಧ್ಯಾಯವನ್ನು ನಾನು ಅಲ್ಲಿ ಕಂಡೆ. ಬೀವರ್ ಪರವಾದ ಅವನ ಮಾತು ಇದರಿಂದ ಸುಳ್ಳಾಗುವುದಿಲ್ಲ. ಆದರೆ ಪ್ರಾಣಿಯ ನೋವನ್ನು ಹೇಳಲು ಹೊರಟವನು ಮನುಷ್ಯರ ದುಡಿಮೆಯನ್ನು ಅಳಿಸಬಾರದು ಎಂಬ ಎಚ್ಚರ ಇಲ್ಲಿಂದ ಸಿಗುತ್ತದೆ.

*

ಇನ್ನೊಬ್ಬ ಟ್ರ್ಯಾಪರ್ ಹೆಸರು ಹೇಳದೆ ಮುಗಿಸಲಾರೆ. ಫ್ರ್ಯಾಂಕ್ ಕೋನಿಬೇರ್ ಕೆನಡಾದ ವಾಯವ್ಯದ ಕಾಡುಗಳಲ್ಲಿ ದಶಕಗಳ ಕಾಲ ಬೋನಿಟ್ಟವನು. 1949ರಲ್ಲಿ ಇನ್ನೊಬ್ಬರ ಜೊತೆ ಸೇರಿ ‘ದ ವೈಸ್ ಒನ್’ ಎಂಬ ಬೀವರ್ ಕತೆ ಬರೆದ. ಗ್ರೇ ಔಲ್ ಬರಹದ ಮುಂದೆ ಅದು ಸಣ್ಣ ಪುಸ್ತಕ. ಆದರೆ ಅವನು ಕಸುಬು ಬಿಟ್ಟು ಸಂತನಾಗಲಿಲ್ಲ. ಕಾಲು ಹಿಡಿದು ದಿನಗಟ್ಟಲೆ ನರಳಿಸುವ ಉಕ್ಕಿನ ಬೋನಿಗೆ ಬದಲಾಗಿ, ಕುತ್ತಿಗೆ ಅಥವಾ ಎದೆಯನ್ನು ಒಮ್ಮೆಲೇ ಅದುಮಿ ಬೇಗ ಕೊಲ್ಲುವ ಬೋನೊಂದನ್ನು ವರ್ಷಗಟ್ಟಲೆ ತಿದ್ದಿ ತೀಡಿ ರೂಪಿಸಿದ. 1950ರ ದಶಕದಲ್ಲಿ ಅದು ಮಾರುಕಟ್ಟೆಗೆ ಬಂದು ಅವನ ಹೆಸರಿನಿಂದಲೇ ಹೆಸರಾಯಿತು. ಸಾಹಿತ್ಯಕ್ಕೆ ಪರಿವರ್ತನೆ ಇಷ್ಟ, ತಿದ್ದುಪಡಿಯಲ್ಲಿ ಅದಕ್ಕೆ ಅಷ್ಟು ಆಸಕ್ತಿಯಿಲ್ಲ. ಕೊಲ್ಲುವುದನ್ನು ಬಿಟ್ಟವನ ಮೇಲೆ ಪುಸ್ತಕಗಳೂ ಸಿನಿಮಾವೂ ಬಂದವು. ಕೊಲ್ಲುವುದನ್ನು ಚುಟುಕಾಗಿಸಿದವನ ಬಗ್ಗೆ ಎಷ್ಟು ಜನ ಕೇಳಿದ್ದಾರೆ? ಯಾರ ಕೆಲಸದಿಂದ ಹೆಚ್ಚು ಪ್ರಾಣಿಗಳ ನೋವು ಕಡಿಮೆಯಾಯಿತು ಎಂದು ಅಳೆಯುವ ತಕ್ಕಡಿ ನನ್ನಲ್ಲಿಲ್ಲ. ಆದರೆ ಎರಡನೆಯ ಬಗೆಯ ನೈತಿಕತೆಯನ್ನು ಕತೆಯಾಗಿ ಹೇಳುವುದು ನಮಗೆ ಇನ್ನೂ ಬಂದಿಲ್ಲ ಎಂದು ಮಾತ್ರ ಅನ್ನಿಸುತ್ತದೆ.

ಕೆನಡಾ ದೇಶ 1937ರಿಂದ ತನ್ನ ಐದು ಸೆಂಟಿನ ನಾಣ್ಯದ ಮೇಲೆ ಬೀವರ್ ಚಿತ್ರ ಒತ್ತುತ್ತಿದೆ. 1975ರಲ್ಲಿ ಕಾನೂನು ಮಾಡಿ ಅದನ್ನು ರಾಷ್ಟ್ರಲಾಂಛನವಾಗಿಸಿತು. ಒಂದು ಕಾಲಕ್ಕೆ ತಾನೇ ನಾಣ್ಯವಾಗಿದ್ದ ಪ್ರಾಣಿ ಈಗ ನಾಣ್ಯದ ಮೇಲಿನ ಚಿತ್ರ. ನಡುವೆ ಕಳೆದುಹೋದದ್ದು ಅದನ್ನು ‘ಮಾಡಿದವರ’ ಹೆಸರು.

ಕನ್ನಡದ ಓದುಗರಿಗೆ ನನ್ನ ಸಲಹೆ ಇಷ್ಟು. ಈ ಎರಡು ಪುಸ್ತಕಗಳನ್ನು ಓದುವುದಾದರೆ ಅನಹಾರಿಯೊ ಬರೆದದ್ದನ್ನು ಮೊದಲು ಓದಿ. ಆಗ ಗ್ರೇ ಔಲ್ ಪುಸ್ತಕದಲ್ಲಿ ಕೋವಿ ಎತ್ತಿದ ಗಳಿಗೆ ಬಂದಾಗ, ದೋಣಿಯಲ್ಲಿ ಇನ್ನೊಬ್ಬರು ಕೂತಿದ್ದಾರೆ, ಅವರು ಚಳಿಗಾಲವೆಲ್ಲ ಈ ಮಾತನ್ನು ಹೇಳುತ್ತಲೇ ಬಂದಿದ್ದಾರೆ ಎಂಬುದು ನಿಮ್ಮ ಮನಸ್ಸಿನಲ್ಲಿರುತ್ತದೆ. ಅನುವಾದಕರಿಗೂ ಒಂದು ಮಾತು: ಗ್ರೇ ಔಲ್ ಬರಹಗಳ ಹಕ್ಕುಸ್ವಾಮ್ಯ ನಮ್ಮ ದೇಶದಲ್ಲಿ ಎಂದೋ ಮುಗಿದಿದೆ. ಕನ್ನಡಕ್ಕೆ ತರುವವರು ಬೀವರ್ ಮರಿಗಳ ಅಧ್ಯಾಯಗಳನ್ನಷ್ಟೇ ಆರಿಸಿ ಮಕ್ಕಳ ಪುಸ್ತಕ ಮಾಡದಿರಲಿ. ಸಾಲ, ಹಸಿವು, ಬರಿದಾದ ಕಟ್ಟೆಗಳಿರುವ ಮೊದಲ ಭಾಗವನ್ನೂ ತರಲಿ. ಹೆರೆಯುವ, ಬಿಗಿಯುವ, ಒಣಗಿಸುವ ಕೆಲಸಕ್ಕೆ ಬೇಕಾದ ಮಾತುಗಳು ನಮ್ಮಲ್ಲಿವೆ. ತಮಟೆಗೆ ತೊಗಲು ಬಿಗಿಯುವವರನ್ನೂ, ಗೊಂಬೆಯಾಟಕ್ಕೆ ತೊಗಲು ಹದ ಮಾಡುವವರನ್ನೂ ಕೇಳಿದರೆ ಇನ್ನೂ ಸಿಗುತ್ತವೆ.